ಲಾಫೋರಾ ಕಾಯಿಲೆಗೆ ಸಕ್ಕರೆ ಕಾಯಿಲೆಯ ಮಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಟ್‌ಫಾರ್ಮಿನ್ ಹೆಸರು ಕೇಳದ ಮನೆ ಈಗ ನಮ್ಮಲ್ಲಿ ಅಪರೂಪ. ತಾತನದೋ ಅತ್ತೆಯದೋ ಔಷಧದ ಡಬ್ಬಿಯಲ್ಲಿ ಆ ಬಿಳಿ ಮಾತ್ರೆ ಇದ್ದೇ ಇರುತ್ತದೆ. ಅದೇ ಮಾತ್ರೆಯನ್ನು ಹದಿಹರೆಯದ ಮಕ್ಕಳನ್ನು ಹತ್ತು ವರ್ಷಗಳಲ್ಲಿ ಮುಗಿಸಿಬಿಡುವ ಲಾಫೋರಾ ಎಂಬ ಮೆದುಳಿನ ಕಾಯಿಲೆಗೆ ಪರೀಕ್ಷಿಸುತ್ತಿದ್ದಾರೆಂದು ತಿಳಿದಾಗ ಆ ಮಕ್ಕಳ ಮನೆಯವರಿಗೆ ಆಸೆ ಚಿಗುರುವುದು ಸಹಜ. ಮೂರ್ಛೆರೋಗವಿರುವ ಮಕ್ಕಳ ಕುಟುಂಬಗಳೊಂದಿಗೆ ಮಾತನಾಡುವಾಗ, ಅವರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ವೈದ್ಯನಲ್ಲ, ಇದನ್ನು ಓದಿ ಯಾರೂ ಔಷಧ ಶುರು ಮಾಡಬಾರದು, ನಿಲ್ಲಿಸಲೂಬಾರದು. ವೈದ್ಯರ ಮುಂದೆ ಕುಳಿತಾಗ ಕೇಳಬೇಕಾದದ್ದನ್ನು ಕೇಳಲು ಇದು ನೆರವಾದರೆ ಸಾಕು.

## ಮೊದಲ ಪ್ರಶ್ನೆಗಳು

ಲಾಫೋರಾ ಎಂದರೇನು? ಇದು ಮಾಮೂಲಿ ಫಿಟ್ಸ್ ಅಲ್ಲವೇ?

ಶುರುವಾಗುವುದು ಫಿಟ್ಸ್‌ನಂತೆಯೇ. ಅದುವರೆಗೆ ಚೆನ್ನಾಗಿ ಆಡಿ ಓದಿಕೊಂಡಿದ್ದ ಮಗುವಿಗೆ 8ರಿಂದ 19 ವರ್ಷದೊಳಗೆ, ಬಹುಪಾಲು 14–16ರ ಸುಮಾರಿಗೆ, ಕೈಕಾಲು ತಟಕ್ಕನೆ ಅದುರತೊಡಗುತ್ತವೆ. ಹಾಲಿನ ಲೋಟ ಹಿಡಿದ ಕೈ ಒಮ್ಮೆ ಎಸೆದಂತಾಗಿ ಲೋಟ ಗೋಡೆಗೆ ಬಡಿಯುತ್ತದೆ. ಮನೆಯವರು ಬೈಯುತ್ತಾರೆ, ಮಗು ತಾನು ಬೇಕೆಂದು ಮಾಡಲಿಲ್ಲ ಎನ್ನುತ್ತದೆ. ಆಮೇಲೆ ದೊಡ್ಡ ಸೆಳವು ಬರುತ್ತದೆ. ಕೆಲವರಿಗೆ ಕ್ಷಣಕಾಲ ಕಣ್ಣು ಕತ್ತಲಾಗುತ್ತದೆ, ಇಲ್ಲದ ಬೆಳಕು, ಇಲ್ಲದ ಆಕೃತಿಗಳು ಕಾಣುತ್ತವೆ.

ಸಾಮಾನ್ಯ ಮೂರ್ಛೆರೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮುಂದಿನ ದಿನಗಳಲ್ಲಿ ಕಾಣುತ್ತದೆ. ಅಂಕಗಳು ಇಳಿಯುತ್ತವೆ, ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ, ನೆನಪು ಮಾಸುತ್ತದೆ. ಮಾತ್ರೆಗಳು ಒಂದೊಂದಾಗಿ ಸೋಲುತ್ತವೆ. ಸಾಮಾನ್ಯವಾಗಿ ಸುಮಾರು ಹತ್ತು ವರ್ಷಗಳಲ್ಲಿ ಮಗು ಹಾಸಿಗೆ ಹಿಡಿದು, ನಿಲ್ಲದ ಸೆಳವಿನಿಂದಲೋ, ಆಹಾರ ಶ್ವಾಸಕೋಶಕ್ಕೆ ಹೋಗಿ ಬರುವ ನ್ಯುಮೋನಿಯಾದಿಂದಲೋ ತೀರಿಹೋಗುತ್ತದೆ. ಕೆಲವು ಜೀನ್ ದೋಷಗಳಲ್ಲಿ ಮಾತ್ರ ಕಾಯಿಲೆ ನಿಧಾನವಾಗಿ ಸಾಗುತ್ತದೆ. ಹತ್ತು ಲಕ್ಷ ಜನರಲ್ಲಿ ಸುಮಾರು ನಾಲ್ವರಿಗೆ ಎಂಬುದು ಒಂದು ಅಂದಾಜು. ಮೆಡಿಟರೇನಿಯನ್ ಸುತ್ತಲ ದೇಶಗಳು, ಪಾಕಿಸ್ತಾನ ಮತ್ತು ದಕ್ಷಿಣ ಭಾರತದಿಂದ ಹೆಚ್ಚು ವರದಿಯಾಗಿದೆ.

ಈ ಹೆಸರು ಎಲ್ಲಿಂದ ಬಂತು?

ಗೊನ್ಸಾಲೊ ರೋಡ್ರಿಗೆಸ್ ಲಾಫೋರಾ ಎಂಬ ಸ್ಪೇನಿನ ನರವಿಜ್ಞಾನಿಯಿಂದ. 1911ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, ಸೆಳವಿನಿಂದ ಸತ್ತ ಹರೆಯದ ಹುಡುಗನೊಬ್ಬನ ಮೆದುಳಿನ ಕೋಶಗಳೊಳಗೆ ದುಂಡನೆಯ ಕಾಳುಗಳನ್ನು ಅವರು ಕಂಡರು. ಅವನ್ನೇ ಈಗ ಲಾಫೋರಾ ಕಾಯಗಳು ಎನ್ನುತ್ತಾರೆ.

ಸಕ್ಕರೆ ಕಾಯಿಲೆಯ ಮಾತ್ರೆಗೂ ಮೆದುಳಿಗೂ ಎಲ್ಲಿಯ ಸಂಬಂಧ?

ಆ ಕಾಳುಗಳೇ ಸಂಬಂಧ. ಅವು ಸಕ್ಕರೆಯಿಂದಲೇ ಆದವು.

ನಮ್ಮ ದೇಹ ಗ್ಲೂಕೋಸನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಡುತ್ತದೆ. ಸರಿಯಾದ ಗ್ಲೈಕೊಜೆನ್ ಮರದಂತೆ ದಟ್ಟವಾಗಿ ಕವಲೊಡೆದಿರುತ್ತದೆ, ಅದರಿಂದಲೇ ನೀರಿನಲ್ಲಿ ಕರಗಿರುತ್ತದೆ. ಲಾಫೋರಾ ಕಾಯಿಲೆಯಲ್ಲಿ ಕವಲುಗಳು ವಿರಳವಾಗಿ, ಸರಪಳಿಗಳು ಉದ್ದವಾಗಿ ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಿಸಿ ಗಂಜಿಯನ್ನು ನೆನೆಸಿಕೊಳ್ಳಿ. ಒಲೆಯಿಂದ ಇಳಿಸಿದಾಗ ಹರಿಯುತ್ತದೆ, ಆರುತ್ತಾ ಹೋದಂತೆ ಗಟ್ಟಿಯಾಗಿ ಪದರಗಟ್ಟುತ್ತದೆ. ಅಕ್ಕಿಯ ಪಿಷ್ಟದ ಸರಪಳಿಗಳು ಹೆಣೆದುಕೊಂಡು ನೀರನ್ನು ಹೊರದಬ್ಬುವುದೇ ಅದಕ್ಕೆ ಕಾರಣ. ಲಾಫೋರಾ ಮಗುವಿನ ನರಕೋಶದೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಆ ಗಟ್ಟಿಯನ್ನು ಕರಗಿಸಲು ಕೋಶಕ್ಕೆ ಆಗುವುದಿಲ್ಲ, ಅದು ವರ್ಷ ವರ್ಷ ಹೆಚ್ಚುತ್ತದೆ.

ಇದನ್ನು ತಡೆಯಲು ಎರಡು ಪ್ರೋಟೀನುಗಳಿವೆ: ಲಾಫೋರಿನ್ ಮತ್ತು ಮಾಲಿನ್. ಮೊದಲನೆಯದರ ಜೀನ್ 1998ರಲ್ಲಿ, ಎರಡನೆಯದರ ಜೀನ್ 2003ರಲ್ಲಿ ಪತ್ತೆಯಾಯಿತು. ಎರಡರಲ್ಲಿ ಯಾವುದು ಕೆಟ್ಟರೂ ಕಾಯಿಲೆ ಒಂದೇ. ಇವೆರಡರ ಜೋಡಿ ಕೋಶದ ಶಕ್ತಿಯ ಲೆಕ್ಕ ನೋಡಿಕೊಳ್ಳುವ ಎಎಂಪಿಕೆ ಎಂಬ ಕಿಣ್ವದೊಂದಿಗೆ ಸೇರಿ ಕೆಲಸ ಮಾಡುತ್ತದೆ ಎಂದು ಸ್ಪೇನಿನ ವೆಲೆನ್ಸಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಮೆಟ್‌ಫಾರ್ಮಿನ್ ಎಚ್ಚರಿಸುವ ಕಿಣ್ವ ಇದೇ ಎಎಂಪಿಕೆ. ಅದು ಎಚ್ಚರವಾದರೆ ಗ್ಲೈಕೊಜೆನ್ ಕಟ್ಟುವ ಕೆಲಸಕ್ಕೆ ಕಡಿವಾಣ ಬೀಳುತ್ತದೆ. ಮೆಟ್‌ಫಾರ್ಮಿನ್ ಮೆದುಳಿಗೆ ತಲುಪುತ್ತದೆ ಎಂಬುದೂ ಗೊತ್ತಿತ್ತು. ಹೀಗೆ ಈ ಹಳೆಯ ಮಾತ್ರೆಯ ಕಡೆ ಕಣ್ಣು ಹೋಯಿತು.

ನಮ್ಮ ಮಗಳಿಗೆ ಶುಗರ್ ಇಲ್ಲವಲ್ಲ. ಈ ಮಾತ್ರೆ ಕೊಟ್ಟರೆ ಶುಗರ್ ಇಳಿದು ಪ್ರಜ್ಞೆ ತಪ್ಪುವುದಿಲ್ಲವೇ?

ಮೆಟ್‌ಫಾರ್ಮಿನ್ ಒಂದನ್ನೇ ಕೊಟ್ಟಾಗ ಹಾಗಾಗುವುದು ತೀರಾ ಅಪರೂಪ. ಅದು ಯಕೃತ್ತು ಹೆಚ್ಚುವರಿ ಗ್ಲೂಕೋಸ್ ತಯಾರಿಸುವುದನ್ನು ತಗ್ಗಿಸುತ್ತದೆ, ಇನ್ಸುಲಿನ್ ಸುರಿಯುವಂತೆ ಮಾಡುವುದಿಲ್ಲ. ಮಧುಮೇಹವಿಲ್ಲದ ಎಷ್ಟೋ ಹೆಣ್ಣುಮಕ್ಕಳು ಪಿಸಿಒಡಿ ಎಂಬ ಅಂಡಾಶಯದ ತೊಂದರೆಗಾಗಿ ಇದೇ ಮಾತ್ರೆ ನುಂಗುತ್ತಾರೆ.

ಆದರೆ ಒಂದು ಅಪಾಯವನ್ನು ಗಟ್ಟಿಯಾಗಿ ಹೇಳಲೇಬೇಕು. ನಮ್ಮ ಅಂಗಡಿಗಳಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್ ಬೆರೆಸಿದ ಜೋಡಿ ಮಾತ್ರೆಗಳು ಧಾರಾಳವಾಗಿ ಮಾರಾಟವಾಗುತ್ತವೆ. ಮಾತ್ರೆಯ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಔಷಧ. ಬೆರೆತ ಆ ಎರಡನೆಯ ಔಷಧ ಸಕ್ಕರೆ ಕಾಯಿಲೆಯಿಲ್ಲದ ಮಗುವಿನ ರಕ್ತದ ಗ್ಲೂಕೋಸನ್ನು ಜೀವಕ್ಕೆ ಅಪಾಯವಾಗುವಷ್ಟು ಇಳಿಸಬಲ್ಲದು. ಗ್ಲೂಕೋಸ್ ಇಳಿದರೆ ಸೆಳವು ಬರುತ್ತದೆ, ಮನೆಯವರು ಅದನ್ನು ಕಾಯಿಲೆಯ ಸೆಳವೆಂದೇ ತಿಳಿಯುತ್ತಾರೆ. ತಾತನ ಡಬ್ಬಿಯಿಂದ ಮಾತ್ರೆ ತೆಗೆದು ಮಗುವಿಗೆ ಎಂದೂ ಕೊಡಬೇಡಿ.

ಹಾಗಾದರೆ ಅನ್ನ, ಸಿಹಿ ಬಿಡಿಸಿದರೆ ಸಾಕಲ್ಲವೇ?

ಸಾಕಾಗುವುದಿಲ್ಲ. ಕೊಬ್ಬು ಹೆಚ್ಚು, ಪಿಷ್ಟ ಕಡಿಮೆ ಇರುವ ಕೀಟೋಜೆನಿಕ್ ಆಹಾರವನ್ನು ಇಟಲಿಯಲ್ಲಿ ಬೆರಳೆಣಿಕೆಯ ರೋಗಿಗಳಿಗೆ ಕೊಟ್ಟು ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ನಿಲ್ಲಲಿಲ್ಲ. ನುಂಗಲು ಕಷ್ಟಪಟ್ಟು ಸೊರಗುತ್ತಿರುವ ಮಗುವಿನ ತಟ್ಟೆಯಿಂದ ಮನೆಯವರೇ ಅನ್ನ ತೆಗೆದುಹಾಕಿದರೆ ನಷ್ಟವೇ ಹೆಚ್ಚು. ಆಹಾರ ಬದಲಿಸುವುದಿದ್ದರೆ ಆಹಾರತಜ್ಞರ ಕಣ್ಗಾವಲಿನಲ್ಲಿ ಮಾತ್ರ.

## ಪತ್ತೆ ಮತ್ತು ಮನೆತನ

ಮೂರು ವರ್ಷ ಅಲೆದ ಮೇಲೆ ಲಾಫೋರಾ ಎಂದು ಗೊತ್ತಾಯಿತು. ಮೊದಲೇ ತಿಳಿಯುವ ದಾರಿ ಇರಲಿಲ್ಲವೇ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಾರಿ ಇದೆ, ಆದರೆ ಅದರ ಮೇಲೆ ನಡೆಯಲು ಯಾರಿಗಾದರೂ ಅನುಮಾನ ಮೂಡಬೇಕು.

ಆರಂಭದಲ್ಲಿ ಇದನ್ನು ಹರೆಯದಲ್ಲಿ ಬರುವ ಸಾಧಾರಣ ಮಯೋಕ್ಲೋನಿಕ್ ಮೂರ್ಛೆರೋಗ ಎಂದು ತಿಳಿಯುವುದು ತುಂಬ ಸಾಮಾನ್ಯ. ಎರಡರಲ್ಲೂ ಕೈ ಅದುರುತ್ತದೆ, ಎರಡರಲ್ಲೂ ಎಂಆರ್‌ಐ ಮೊದಮೊದಲು ಸರಿಯಾಗಿಯೇ ಇರುತ್ತದೆ. ಆದರೆ ಸಾಧಾರಣ ಬಗೆಯಲ್ಲಿ ಮಗು ಓದುತ್ತಲೇ ಇರುತ್ತದೆ, ಸರಿಯಾದ ಮಾತ್ರೆಗೆ ಸೆಳವು ಹತೋಟಿಗೆ ಬರುತ್ತದೆ. ಲಾಫೋರಾದಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯ ಹಿನ್ನೆಲೆ ಅಲೆಗಳೇ ನಿಧಾನವಾಗುತ್ತಾ ಹೋಗುತ್ತವೆ. ಸೆಳವಿನ ಜೊತೆ ಕಣ್ಣು ಕತ್ತಲಾಗುವುದು, ಶಾಲೆಯಲ್ಲಿ ದಿಢೀರ್ ಹಿಂದೆ ಬೀಳುವುದು, ಎರಡು ಮೂರು ಔಷಧಗಳಿಗೂ ಅದುರು ನಿಲ್ಲದಿರುವುದು, ತಂದೆ ತಾಯಿ ಸಂಬಂಧಿಗಳಾಗಿರುವುದು: ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಜೀನ್ ಪರೀಕ್ಷೆ ಬೇಕೇ ಎಂದು ನರವೈದ್ಯರನ್ನು ನೀವೇ ಕೇಳಿ. ಕಳೆದ ಎರಡು ವರ್ಷಗಳ ಅಂಕಪಟ್ಟಿಯನ್ನೂ ಬರವಣಿಗೆಯ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಜೂನ್ ತಿಂಗಳ ದುಂಡಗಿನ ಅಕ್ಷರ ಫೆಬ್ರವರಿಯಲ್ಲಿ ಗೆರೆ ದಾಟಿ ಚೆಲ್ಲಾಡಿರುವುದನ್ನು ನೋಡಿದರೆ ವೈದ್ಯರಿಗೆ ಬೇರೆ ವಿವರಣೆ ಹೆಚ್ಚು ಬೇಕಾಗುವುದಿಲ್ಲ.

ಮೆದುಳಿನ ಕಾಯಿಲೆಗೆ ಕಂಕುಳ ಚರ್ಮ ಏಕೆ ತೆಗೆಯುತ್ತಾರೆ?

ಆ ಕಾಳುಗಳು ಮೆದುಳಿನಲ್ಲಿ ಮಾತ್ರ ಇರುವುದಿಲ್ಲ. ಸ್ನಾಯು, ಹೃದಯ, ಯಕೃತ್ತು, ಬೆವರು ಗ್ರಂಥಿಗಳಲ್ಲೂ ಇರುತ್ತವೆ. ಮೆದುಳನ್ನು ಕುಯ್ಯುವ ಬದಲು ಕಂಕುಳಿನಿಂದ ಚಿಕ್ಕ ಚೂರು ಚರ್ಮ ತೆಗೆದು, ಪಿಎಎಸ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೆವರು ನಾಳದ ಕೋಶಗಳಲ್ಲಿ ಕಡುಗೆಂಪು ಕಾಳುಗಳು ಎದ್ದು ಕಾಣುತ್ತವೆ. ಈಗ ಜೀನ್ ಪರೀಕ್ಷೆ ಇರುವುದರಿಂದ ಅದೇ ಅಂತಿಮ ಖಾತರಿ.

ನಾನು ಸೋದರಮಾವನನ್ನು ಮದುವೆಯಾದದ್ದೇ ಇದಕ್ಕೆ ಕಾರಣವೇ?

ಕಾರಣ ನೀವಲ್ಲ. ಕಾಯಿಲೆ ಬರಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಕೆಟ್ಟ ಪ್ರತಿಗಳು ಮಗುವಿಗೆ ಸೇರಬೇಕು. ಒಂದೇ ಪ್ರತಿ ಇದ್ದವರಿಗೆ ಏನೂ ಆಗುವುದಿಲ್ಲ, ತಮ್ಮಲ್ಲಿದೆ ಎಂದು ತಿಳಿಯುವುದೂ ಇಲ್ಲ. ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ಅಜ್ಜಿ ತಾತನಿಂದ ಬಂದ ಅದೇ ದೋಷ ಇರುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೇ. ಸಂಬಂಧವೇ ಇಲ್ಲದ ದಂಪತಿಯ ಮಕ್ಕಳಿಗೂ ಲಾಫೋರಾ ಬಂದಿದೆ. ಮನೆಯ ಹಿರಿಯರು ನಿಶ್ಚಯಿಸಿದ ಮದುವೆಯ ಹೊರೆಯನ್ನು ತಾಯಿಯೊಬ್ಬಳ ಮೇಲೆ ಹೊರಿಸುವುದನ್ನು ನೋಡಿದ್ದೇನೆ. ಅದು ಅನ್ಯಾಯ, ವಿಜ್ಞಾನದ ದೃಷ್ಟಿಯಿಂದಲೂ ತಪ್ಪು.

ಮುಂದಿನ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಇದ್ದೇ ಇರುತ್ತದೆ. ಮೊದಲ ಮಗುವಿನ ಜೀನ್ ದೋಷ ನಿಖರವಾಗಿ ಗೊತ್ತಿದ್ದರೆ ಗರ್ಭದಲ್ಲಿಯೇ ಪರೀಕ್ಷಿಸಬಹುದು.

ಅಣ್ಣನಿಗೆ ಬಂದಿದೆ. ಹತ್ತು ವರ್ಷದ ತಂಗಿ ಚೆನ್ನಾಗಿದ್ದಾಳೆ. ಅವಳಿಗೂ ಪರೀಕ್ಷೆ ಮಾಡಿಸಬೇಕೇ?

ನನಗೆ ಅತ್ಯಂತ ಕಷ್ಟವೆನಿಸುವ ಪ್ರಶ್ನೆ ಇದು. ವಾಸಿಮಾಡುವ ಔಷಧವಿಲ್ಲದ ಕಾಯಿಲೆಗೆ ಆರೋಗ್ಯವಾಗಿರುವ ಮಗುವನ್ನು ಪರೀಕ್ಷಿಸಬಾರದು, ಆ ಭಾರವನ್ನು ಮಗುವಿನ ತಲೆಗೆ ಕಟ್ಟಬಾರದು ಎಂಬುದು ವೈದ್ಯಲೋಕದ ಹಳೆಯ ನಿಲುವು. ಅದರಲ್ಲಿ ಹುರುಳಿದೆ. ಇನ್ನೊಂದು ಕಡೆ, ಮೆಟ್‌ಫಾರ್ಮಿನ್‌ನಿಂದ ಲಾಭವಾಗುವುದಾದರೆ ಅದು ಆರಂಭದಲ್ಲೇ ಎಂದು ಇಲಿಗಳ ಅಧ್ಯಯನ ಹೇಳುತ್ತಿದೆ. ಲಕ್ಷಣ ಕಾಣುವವರೆಗೆ ಕಾದರೆ ಆ ಸಮಯ ಕೈತಪ್ಪುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಪರೀಕ್ಷೆಗೆ ಮುಂಚೆ ತಳಿವಿಜ್ಞಾನದ ಆಪ್ತಸಮಾಲೋಚಕರ ಬಳಿ ತಂದೆ ತಾಯಿ ಇಬ್ಬರೂ ಕುಳಿತು ಒಂದೆರಡು ಬಾರಿಯಾದರೂ ಮಾತನಾಡಬೇಕು. ಫಲಿತಾಂಶ ಬಂದರೆ ಅದನ್ನು ಯಾರಿಗೆ ಹೇಳುವುದು, ಆ ಹುಡುಗಿಗೆ ಯಾವಾಗ ಹೇಳುವುದು ಎಂದು ಮೊದಲೇ ತೀರ್ಮಾನಿಸಬೇಕು. ನಾಲ್ಕರಲ್ಲಿ ಮೂರು ಪಾಲು ಅವಳಿಗೆ ಕಾಯಿಲೆ ಇರುವುದಿಲ್ಲ ಎಂಬುದೂ ನೆನಪಿರಲಿ.

## ಪ್ರಯೋಗಗಳು

ಇಲಿಗಳಲ್ಲಿ ನಿಜವಾಗಿ ಏನು ಕಂಡಿತು?

ಲಾಫೋರಿನ್ ಅಥವಾ ಮಾಲಿನ್ ಜೀನ್ ಇಲ್ಲದ ಇಲಿಗಳನ್ನು ಪ್ರಯೋಗಾಲಯದಲ್ಲಿ ರೂಪಿಸಲಾಗಿದೆ. ಅವುಗಳ ಮೆದುಳಿನಲ್ಲೂ ಅದೇ ಕಾಳುಗಳು ಕೂಡುತ್ತವೆ. ಸ್ಪೇನಿನ ಸಂಶೋಧಕರು ಮಾಲಿನ್ ಇಲ್ಲದ ಇಲಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಳುಗಳು ಕಡಿಮೆಯಾದವು, ನರಕೋಶಗಳ ಸಾವು ತಗ್ಗಿತು. 2017ರ ಅಧ್ಯಯನದಲ್ಲಿ, ಸೆಳವು ಬರಿಸುವ ರಾಸಾಯನಿಕಕ್ಕೆ ಆ ಇಲಿಗಳು ಮುಂಚಿನಷ್ಟು ಸುಲಭವಾಗಿ ತುತ್ತಾಗಲಿಲ್ಲ.

ಮುಂದಿನ ಅಧ್ಯಯನ, 2023ರದು, ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯ. ಒಂದು ಗುಂಪಿನ ಇಲಿಗಳಿಗೆ ತಾಯಿಯ ಗರ್ಭದಿಂದಲೇ ಔಷಧ ತಲುಪಿಸಿದರು. ಇನ್ನೊಂದಕ್ಕೆ ಹತ್ತು ತಿಂಗಳಾದ ಮೇಲೆ ಎರಡು ತಿಂಗಳು ಮಾತ್ರ ಕೊಟ್ಟರು. ಇಲಿಗೆ ಹತ್ತು ತಿಂಗಳೆಂದರೆ ನಡುವಯಸ್ಸು. ನೆನಪು, ಚಲನೆ, ಸೆಳವಿನ ಒಲವು, ಕಾಳುಗಳ ಪ್ರಮಾಣ, ಎಲ್ಲದರಲ್ಲೂ ಬೇಗ ಕೊಟ್ಟ ಗುಂಪೇ ಮೇಲು. ತಡವಾಗಿ ಕೊಟ್ಟದ್ದು ಪೂರ್ತಿ ವ್ಯರ್ಥವಾಗಲಿಲ್ಲ, ಆದರೆ ಬೇಗ ಕೊಟ್ಟಷ್ಟು ಫಲಿಸಲಿಲ್ಲ.

ಮನುಷ್ಯರಲ್ಲಿ ಕೆಲಸ ಮಾಡಿದೆಯೇ ಇಲ್ಲವೇ? ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತಿನಲ್ಲಿ: ವಾಸಿಮಾಡಿಲ್ಲ, ಕೆಲವರಲ್ಲಿ ನಿಧಾನಗೊಳಿಸಿರಬಹುದು. ಈಗ ವಿವರ.

ಇಟಲಿಯ ಮೂರು ಮೂರ್ಛೆರೋಗ ಕೇಂದ್ರಗಳ 12 ರೋಗಿಗಳ ದಾಖಲೆಯನ್ನು 2019ರಲ್ಲಿ ಪ್ರಕಟಿಸಿದರು. ಎಲ್ಲರೂ ಕಾಯಿಲೆಯ ಮಧ್ಯ ಅಥವಾ ಕೊನೆಯ ಹಂತದವರು. ಸರಾಸರಿ 18 ತಿಂಗಳು, ದಿನಕ್ಕೆ ಸರಾಸರಿ 1,167 ಮಿಲಿಗ್ರಾಂ ಮೆಟ್‌ಫಾರ್ಮಿನನ್ನು ಇತರ ಔಷಧಗಳ ಜೊತೆಗೆ ಪಡೆದರು. ಮೂವರಲ್ಲಿ ಸೆಳವು ತಗ್ಗಿ ಒಟ್ಟು ಸ್ಥಿತಿ ಸುಧಾರಿಸಿತು. ಅವರಲ್ಲಿ ಇಬ್ಬರಿಗೆ ಆ ಸುಧಾರಣೆ ತಾತ್ಕಾಲಿಕ. ನಾಲ್ವರಿಗೆ ಹೊಟ್ಟೆಯ ತೊಂದರೆಯಿಂದ ಪ್ರಮಾಣ ಏರಿಸಲಾಗಲಿಲ್ಲ. ಗಂಭೀರ ಅಡ್ಡಪರಿಣಾಮ ಯಾರಿಗೂ ಆಗಲಿಲ್ಲ.

ಮೇಲೆ ಹೇಳಿದ 2023ರ ಸ್ಪೇನ್ ಅಧ್ಯಯನದಲ್ಲಿಯೇ 18 ರೋಗಿಗಳನ್ನೂ ಹಿಂಬಾಲಿಸಿದ್ದರು. 8 ಮಂದಿ ಮೆಟ್‌ಫಾರ್ಮಿನ್ ಪಡೆದವರು, 10 ಮಂದಿ ಪಡೆಯದವರು. ಪಡೆದವರಲ್ಲಿ ಕಾಯಿಲೆ ನಿಧಾನವಾಗಿ ಸಾಗಿತು, ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ ತಡವಾಗಿ ಕುಗ್ಗಿತು.

ಇದನ್ನು ಓದಿ ಕುಣಿಯಬೇಕೆನಿಸುತ್ತದೆ. ಆದರೂ ಒಂದು ಕ್ಷಣ ನಿಲ್ಲಬೇಕು. ಯಾರಿಗೆ ಔಷಧ, ಯಾರಿಗೆ ಬೇಡ ಎಂಬುದನ್ನು ಅಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಹೊಸದಾಗಿ ಪತ್ತೆಯಾದವರು, ಕಾಯಿಲೆ ಮೊದಲೇ ಮೆದುವಾಗಿದ್ದವರು ಔಷಧದ ಗುಂಪಿಗೆ ಸೇರಿಕೊಂಡಿದ್ದರೆ ಆ ವ್ಯತ್ಯಾಸ ಮಾತ್ರೆಯದೆಂದು ತೋರಿಬಿಡುತ್ತದೆ. ಎಂಟು, ಹತ್ತು ಎಂಬ ಸಂಖ್ಯೆಗಳಲ್ಲಿ ಒಬ್ಬಿಬ್ಬರ ಹಣೆಬರಹವೇ ಇಡೀ ಫಲಿತಾಂಶವನ್ನು ವಾಲಿಸಬಲ್ಲದು.

ಯುರೋಪ್ ಒಪ್ಪಿಗೆ ಕೊಟ್ಟಿದೆ ಎಂದು ಓದಿದೆ. ಅಂದ ಮೇಲೆ ಅನುಮಾನ ಏಕೆ?

ಕೊಟ್ಟಿರುವುದು ಒಪ್ಪಿಗೆಯನ್ನಲ್ಲ, ‘ಅನಾಥ ಔಷಧ’ ಎಂಬ ಮಾನ್ಯತೆಯನ್ನು. 2016ರಲ್ಲಿ ಯುರೋಪಿನ ಔಷಧ ಸಂಸ್ಥೆಯೂ ಮರುವರ್ಷ ಅಮೆರಿಕದ ಸಂಸ್ಥೆಯೂ ಇದನ್ನು ಕೊಟ್ಟವು. ಕಾಯಿಲೆ ಅಪರೂಪದ್ದು, ಔಷಧದ ಹಿಂದಿನ ತರ್ಕ ನಂಬುವಂಥದ್ದು, ಆದ್ದರಿಂದ ಪರೀಕ್ಷಿಸುವವರಿಗೆ ಶುಲ್ಕ ರಿಯಾಯಿತಿ, ಮುಂದೆ ಒಪ್ಪಿಗೆ ಸಿಕ್ಕರೆ ಯುರೋಪಿನಲ್ಲಿ ಹತ್ತು ವರ್ಷ ಮಾರಾಟದ ಏಕಸ್ವಾಮ್ಯ: ಮಾನ್ಯತೆಯ ಅರ್ಥ ಇಷ್ಟು. ಔಷಧ ಫಲ ಕೊಡುತ್ತದೆ ಎಂಬ ತೀರ್ಪು ಅದರಲ್ಲಿಲ್ಲ.

ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಲ್ಲೂ ಈ ಕಲ್ಪನೆ ಇದೆ. ದೇಶದಲ್ಲಿ 5 ಲಕ್ಷಕ್ಕಿಂತ ಹೆಚ್ಚು ಜನರಿಗೆ ಇಲ್ಲದ ಕಾಯಿಲೆಯ ಔಷಧ ಎಂಬುದು ಅಲ್ಲಿನ ವ್ಯಾಖ್ಯೆ.

ಇಷ್ಟು ಅಗ್ಗದ ಮಾತ್ರೆ, ದೊಡ್ಡ ಪ್ರಯೋಗ ಮಾಡಲು ಏನು ಅಡ್ಡಿ?

ಅಗ್ಗವಾಗಿರುವುದೂ ಒಂದು ಅಡ್ಡಿ. ಮೆಟ್‌ಫಾರ್ಮಿನ್ ಮೇಲೆ ಈಗ ಯಾರಿಗೂ ಪೇಟೆಂಟ್ ಇಲ್ಲ. 1922ರಲ್ಲಿ ಡಬ್ಲಿನ್‌ನಲ್ಲಿ ಮೊದಲ ಬಾರಿ ತಯಾರಾಗಿ, 1957ರಲ್ಲಿ ಪ್ಯಾರಿಸ್‌ನ ವೈದ್ಯ ಜಾನ್ ಸ್ಟೆರ್ನ್ ಮಧುಮೇಹಿಗಳ ಮೇಲಿನ ಫಲಿತಾಂಶ ಪ್ರಕಟಿಸಿದ ಔಷಧ ಇದು. ಕೋಟಿಗಟ್ಟಲೆ ಸುರಿದು ಪ್ರಯೋಗ ಮಾಡಿದ ಕಂಪನಿಗೆ, ಪಕ್ಕದ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುವ ಮಾತ್ರೆಯಿಂದ ಹಣ ಮರಳುವುದಿಲ್ಲ. ಸರ್ಕಾರ ಅಥವಾ ದಾನದ ಹಣವೇ ಬೇಕು.

ಎರಡನೆಯದು ರೋಗಿಗಳ ಸಂಖ್ಯೆ. ಒಂದೇ ಹಂತದಲ್ಲಿರುವ ನೂರು ಮಕ್ಕಳನ್ನು ಸೇರಿಸಲು ಹಲವು ದೇಶಗಳು ಕೈಜೋಡಿಸಬೇಕು. ಮೂರನೆಯದು ಮನಸ್ಸಿನ ಮಾತು. ಅರ್ಧ ಮಕ್ಕಳಿಗೆ ಔಷಧ, ಅರ್ಧ ಮಕ್ಕಳಿಗೆ ಬರಿಯ ಹುಸಿ ಮಾತ್ರೆ ಎಂದರೆ, ಅಂಗಡಿಯಲ್ಲಿ ಔಷಧ ಸಿಗುತ್ತಿರುವಾಗ ಯಾವ ತಾಯಿ ಒಪ್ಪುತ್ತಾಳೆ? ಅವಳನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆದ್ದರಿಂದಲೇ ಔಷಧವಿಲ್ಲದೆ ಕಾಯಿಲೆ ಹೇಗೆ ಸಾಗುತ್ತದೆ ಎಂಬ ನಿಖರ ದಾಖಲೆಗಳಿಗೆ ಬೆಲೆ ಹೆಚ್ಚು. ಹುಸಿ ಮಾತ್ರೆಯ ಗುಂಪಿನ ಬದಲು ಅವುಗಳೊಂದಿಗೆ ಹೋಲಿಸಬಹುದು.

## ಮನೆಯಲ್ಲಿ, ದಿನನಿತ್ಯ

ಅಂಗಡಿಯಲ್ಲೇ ಸಿಗುತ್ತದಲ್ಲ, ನಾವೇ ಕೊಟ್ಟು ನೋಡಬಾರದೇ?

ಬೇಡ. ಶುರು ಮಾಡುವ ಮುಂಚೆ ಮೂತ್ರಪಿಂಡ ಹೇಗಿದೆ ಎಂದು ರಕ್ತಪರೀಕ್ಷೆಯಾಗಬೇಕು. ಮೂತ್ರಪಿಂಡ ಸರಿಯಿಲ್ಲದವರಲ್ಲಿ ಮೆಟ್‌ಫಾರ್ಮಿನ್ ಕೂಡಿಕೊಂಡು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಬಹುದು. ಅಪರೂಪ, ಆದರೆ ಪ್ರಾಣಾಪಾಯದ ಸ್ಥಿತಿ ಅದು. ಲಾಫೋರಾ ಮಕ್ಕಳಿಗೆ ಕೊಡುವ ಟೋಪಿರಾಮೇಟ್ ಮತ್ತು ಜೋನಿಸಮೈಡ್ ಕೂಡ ರಕ್ತವನ್ನು ಆಮ್ಲದ ಕಡೆಗೆ ವಾಲಿಸುವ ಔಷಧಗಳು. ಅವುಗಳ ಜೊತೆ ಇದನ್ನು ಸೇರಿಸುವಾಗ ವೈದ್ಯರ ಕಣ್ಣು ಇರಲೇಬೇಕು. ದೀರ್ಘ ಸೆಳವಿನಲ್ಲೂ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಆದ್ದರಿಂದ ತುರ್ತು ಚಿಕಿತ್ಸೆಗೆ ಹೋದಾಗ ಮೆಟ್‌ಫಾರ್ಮಿನ್ ಕೊಡುತ್ತಿದ್ದೇವೆ ಎಂದು ಮೊದಲೇ ಹೇಳಿ. ವಾಂತಿ ಭೇದಿ ಹತ್ತಿದಾಗ, ಮಗು ಊಟ ನೀರು ಬಿಟ್ಟಾಗ, ಬಣ್ಣದ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡುವ ಮುಂಚೆ ಮಾತ್ರೆ ಮುಂದುವರಿಸಬೇಕೇ ಎಂದು ಕೇಳಿ.

ಇನ್ನೊಂದು ಸಣ್ಣ ಸಂಗತಿ. ಪಟ್ಟಿಯ ಮೇಲೆ ‘ಎಸ್‌ಆರ್’ ಅಥವಾ ‘ಇಆರ್’ ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ನುಂಗಲಾರದ ಮಗುವಿಗೆಂದು ಅದನ್ನು ಕುಟ್ಟಿ ಪುಡಿ ಮಾಡಿ ಮೂಗಿನ ನಳಿಕೆಯಲ್ಲಿ ಹಾಕಬಾರದು, ಇಡೀ ದಿನದ ಔಷಧ ಒಮ್ಮೆಗೇ ಬಿಡುಗಡೆಯಾಗುತ್ತದೆ. ಸಾಧಾರಣ ಮಾತ್ರೆ ಅಥವಾ ದ್ರವ ರೂಪ ಬರೆದುಕೊಡಲು ಕೇಳಿ.

ಇದನ್ನು ಶುರು ಮಾಡಿದ ಮೇಲೆ ಫಿಟ್ಸ್ ಮಾತ್ರೆ ಕಡಿಮೆ ಮಾಡಬಹುದೇ?

ಇಲ್ಲ. ಮೆಟ್‌ಫಾರ್ಮಿನ್ ಸೆಳವು ತಡೆಯುವ ಔಷಧವಲ್ಲ, ಅವುಗಳ ಜೊತೆಗೆ ಕೊಡುವಂಥದ್ದು. ವಾಲ್ಪ್ರೊಯೇಟ್, ಲೆವೆಟಿರಾಸೆಟಮ್, ಕ್ಲೊನಜೆಪಾಮ್, ಪೆರಾಂಪನೆಲ್ ಇತ್ಯಾದಿ ಮುಂದುವರಿಯಬೇಕು. ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥವು ಲಾಫೋರಾದ ಅದುರನ್ನು ಹೆಚ್ಚಿಸಬಹುದು. ನಿಮ್ಮ ಚೀಟಿಯಲ್ಲಿ ಅವು ಇದ್ದರೆ ನೀವಾಗಿಯೇ ನಿಲ್ಲಿಸದೆ ನರವೈದ್ಯರಿಗೆ ತೋರಿಸಿ.

ನಾವು ಸಸ್ಯಾಹಾರಿಗಳು. ಬೇರೆ ಏನಾದರೂ ಎಚ್ಚರ ಬೇಕೇ?

ಬೇಕು. ಮೆಟ್‌ಫಾರ್ಮಿನನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಜೀವಸತ್ವ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ. ಮಾಂಸ ಮೊಟ್ಟೆ ತಿನ್ನದ ಮನೆಗಳಲ್ಲಿ ಅದು ಮೊದಲೇ ಕಡಿಮೆ. ಬಿ12 ಕೊರತೆಯಿಂದಲೇ ಪಾದ ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮರೆವು ಬರುತ್ತದೆ, ಅಂದರೆ ಲಾಫೋರಾ ಉಲ್ಬಣಿಸಿದಂತೆಯೇ ತೋರುತ್ತದೆ. ಬಿ12 ಕೊರತೆಯನ್ನಾದರೂ ಸರಿಪಡಿಸಬಹುದು. ಆಗಾಗ ರಕ್ತಪರೀಕ್ಷೆ ಮಾಡಿಸಿ.

ಕೊಡುತ್ತಿದ್ದೇವೆ. ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ನಿಧಾನವಾಗಿ ಇಳಿಯುವ ಕಾಯಿಲೆಯಲ್ಲಿ ಕಣ್ಣಂದಾಜು ಮೋಸ ಮಾಡುತ್ತದೆ. ಒಳ್ಳೆಯ ವಾರ ಬಂದರೆ ಮಾತ್ರೆಯಿಂದ ಎನಿಸುತ್ತದೆ, ಕೆಟ್ಟ ವಾರ ಬಂದರೆ ಮಳೆಯಿಂದ, ನಿದ್ದೆಗೆಟ್ಟದ್ದರಿಂದ ಎನಿಸುತ್ತದೆ. ಒಂದು ನೋಟ್‌ಬುಕ್ ಇಡಿ. ಸೆಳವು ಬಂದ ದಿನ, ಎಷ್ಟು ಹೊತ್ತು, ಯಾವ ಮಾತ್ರೆ ತಪ್ಪಿತು ಎಂದು ಬರೆಯಿರಿ. ತಿಂಗಳಿಗೊಮ್ಮೆ, ಒಂದೇ ತಾರೀಕಿನಂದು ಒಂದೇ ಕೆಲಸಗಳನ್ನು ಮಾಡಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿ: ತನ್ನ ಹೆಸರು ಬರೆಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಲೋಟದ ನೀರನ್ನು ಇನ್ನೊಂದು ಲೋಟಕ್ಕೆ ಸುರಿಯುವುದು, ಬಾಗಿಲಿನಿಂದ ಅಡುಗೆಮನೆಯವರೆಗೆ ನಡೆಯುವುದು. ಆರು ತಿಂಗಳ ನಂತರ ಆ ಚಿತ್ರಗಳನ್ನು ಒಟ್ಟಿಗೆ ನೋಡಿದ ವೈದ್ಯರಿಗೆ ಹತ್ತು ನಿಮಿಷದ ಭೇಟಿಯಲ್ಲಿ ಸಿಗದ ಮಾಹಿತಿ ಸಿಗುತ್ತದೆ.

ಮಗ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಈಗಲೂ ಕೊಡಬಹುದೇ?

ಇಟಲಿಯ ದಾಖಲೆಯಲ್ಲಿದ್ದವರೂ ಮಧ್ಯ ಅಥವಾ ಕೊನೆಯ ಹಂತದವರೇ, ಲಾಭ ಅತಿ ಸ್ವಲ್ಪ. ವೈದ್ಯರು ಒಪ್ಪಿದರೆ ಕೊಟ್ಟು ನೋಡುವುದು ತಪ್ಪಲ್ಲ. ಆದರೆ ಅದರಿಂದ ಭೇದಿಯಾಗಿ, ಹಸಿವು ಹೋಗಿ, ಅವನು ಇನ್ನಷ್ಟು ಸೊರಗಿದರೆ ನಿಲ್ಲಿಸುವ ಮಾತನ್ನೂ ವೈದ್ಯರ ಬಳಿ ಎತ್ತಲು ಹಿಂಜರಿಯಬೇಡಿ. ನಿಲ್ಲಿಸುವುದು ಕೈಬಿಡುವುದಲ್ಲ. ಈ ಹಂತದಲ್ಲಿ ಸುರಕ್ಷಿತವಾಗಿ ಉಣಿಸುವುದು, ಮಗ್ಗುಲು ಬದಲಿಸಿ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು, ಕಫ ತೆಗೆಯುವುದು ಯಾವ ಮಾತ್ರೆಗಿಂತಲೂ ಹೆಚ್ಚು ದಿನಗಳನ್ನು ಕೊಡುತ್ತವೆ. ನೀವು ಆಗಲೇ ಮಾಡುತ್ತಿರುವ ಕೆಲಸ ಅದು.

## ಇನ್ನೂ ಆಳಕ್ಕೆ

ಬೇರೆ ನರರೋಗಗಳಲ್ಲಿ ಮಧುಮೇಹದ ಔಷಧಗಳು ಗೆದ್ದಿವೆಯೇ?

ಇಲ್ಲಿಯವರೆಗಿನ ಅನುಭವ ಕಹಿಯೇ. ಪಯೋಗ್ಲಿಟಜೋನ್, ಸ್ನಾಯುಗಳನ್ನು ನಡೆಸುವ ನರಗಳು ಸಾಯುವ ಎಎಲ್ಎಸ್ ರೋಗದ ಇಲಿಗಳಲ್ಲಿ ಫಲ ಕೊಟ್ಟಿತ್ತು. ಜರ್ಮನಿಯಲ್ಲಿ 219 ರೋಗಿಗಳ ಪ್ರಯೋಗವನ್ನು ಲಾಭ ಕಾಣದೆ ನಿಲ್ಲಿಸಿ, 2012ರಲ್ಲಿ ವರದಿ ಮಾಡಿದರು. ಪಾರ್ಕಿನ್‌ಸನ್ ಕಾಯಿಲೆಗೆ ಎಕ್ಸೆನಟೈಡ್ ಇಂಜೆಕ್ಷನ್ 2017ರ ಚಿಕ್ಕ ಪ್ರಯೋಗದಲ್ಲಿ ಭರವಸೆ ಮೂಡಿಸಿತು. ಬ್ರಿಟನ್‌ನಲ್ಲಿ 194 ಮಂದಿಯ ಮೇಲೆ 96 ವಾರ ನಡೆದ ಮೂರನೇ ಹಂತದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಔಷಧ ಪಡೆದವರಿಗೂ ಹುಸಿ ಚುಚ್ಚುಮದ್ದು ಪಡೆದವರಿಗೂ ವ್ಯತ್ಯಾಸವಿರಲಿಲ್ಲ. 18 ರೋಗಿಗಳ ಅಧ್ಯಯನ ಓದುವಾಗ ನಾನು ಇವೆರಡನ್ನು ನೆನೆಸಿಕೊಳ್ಳುತ್ತೇನೆ. ಲಾಫೋರಾದ ಪರವಾಗಿ ಹೇಳಬಹುದಾದ ಒಂದು ಮಾತಿದೆ. ಇಲ್ಲಿ ಕಾಯಿಲೆಯ ಮೂಲವೇ ಗ್ಲೈಕೊಜೆನ್. ಔಷಧ ತಟ್ಟುವುದು ಆ ಮೂಲಕ್ಕೆ ಹತ್ತಿರದ ಬಾಗಿಲನ್ನೇ.

ಮೂಲವನ್ನೇ ಕೀಳುವ ಔಷಧ ಬರುವುದಿಲ್ಲವೇ?

ಗ್ಲೈಕೊಜೆನ್ ಕಟ್ಟುವ ಕಿಣ್ವವನ್ನೇ ತೆಗೆದ ಅಥವಾ ತಗ್ಗಿಸಿದ ಲಾಫೋರಾ ಇಲಿಗಳಲ್ಲಿ ಕಾಳುಗಳೂ ನರಕ್ಷಯವೂ ಇಲ್ಲವಾಗುತ್ತವೆ ಇಲ್ಲವೇ ಬಹಳ ತಗ್ಗುತ್ತವೆ ಎಂದು ಹಲವು ಪ್ರಯೋಗಾಲಯಗಳು ತೋರಿಸಿವೆ. ಈ ಕಾಯಿಲೆಯ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಭರವಸೆಯ ಸಂಗತಿ ಇಲ್ಲ. ಆ ಕಿಣ್ವದ ಆರ್‌ಎನ್‌ಎ ಸಂದೇಶಕ್ಕೆ ಅಂಟಿಕೊಂಡು ಅದನ್ನು ಅಳಿಸುವ ಚಿಕ್ಕ ತುಣುಕು ಔಷಧಗಳು 2021ರಲ್ಲಿ ಇಲಿಗಳಲ್ಲಿ ಕಾಳುಗಳ ಬೆಳವಣಿಗೆಯನ್ನು ತಡೆದವು. ಇಂಥವನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ಕೊಡಬೇಕಾಗುತ್ತದೆ. ಇವು ಬಂದರೂ ಕೆಟ್ಟುಹೋದ ನರಕೋಶ ಮರಳುವುದಿಲ್ಲ, ಬೇಗ ಪತ್ತೆಯಾದ ಮಕ್ಕಳಿಗೇ ಹೆಚ್ಚು ಲಾಭ.

ನಾಯಿಗಳಿಗೂ ಲಾಫೋರಾ ಬರುತ್ತದೆ ಎಂಬುದು ನಿಜವೇ?

ನಿಜ. ಒರಟು ಕೂದಲಿನ ಚಿಕ್ಕ ಡ್ಯಾಶ್‌ಹುಂಡ್ ತಳಿಯಲ್ಲಿ ಮಾಲಿನ್ ಜೀನ್‌ನೊಳಗಿನ ಒಂದು ತುಣುಕು ಹಲವು ಪಟ್ಟು ಮರುಕಳಿಸಿರುವುದನ್ನು 2005ರಲ್ಲಿ ಕಂಡುಹಿಡಿದರು. ಬೀಗಲ್, ಬ್ಯಾಸೆಟ್ ಹೌಂಡ್‌ಗಳಲ್ಲೂ ಇದೆ. ನಾಯಿಗಳಲ್ಲಿ ಲಕ್ಷಣ ತಡವಾಗಿ ಬಂದು ನಿಧಾನವಾಗಿ ಬೆಳೆಯುತ್ತದೆ.

ಭಾರತದಲ್ಲಿ ಈ ಬಗ್ಗೆ ಕೆಲಸ ನಡೆದಿದೆಯೇ? ಕರ್ನಾಟಕದವರು ಎಲ್ಲಿಗೆ ಹೋಗಬೇಕು?

ನಡೆದಿದೆ. ಲಾಫೋರಿನ್ ಇಲ್ಲದ ಇಲಿಯನ್ನು ರೂಪಿಸಿ 2002ರಲ್ಲಿ ಪ್ರಕಟಿಸಿದ ಲೇಖನದ ಮೊದಲ ಲೇಖಕರು ಸುಬ್ರಮಣಿಯಂ ಗಣೇಶ್. ಜಪಾನಿನಲ್ಲಿ ಆ ಕೆಲಸ ಮಾಡಿ ಬಂದು, ಐಐಟಿ ಕಾನ್ಪುರದಲ್ಲಿ ಲಾಫೋರಾ ಸಂಶೋಧನೆ ಮುಂದುವರಿಸಿದರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಕ್ಷಿಣ ಭಾರತದ ರೋಗಿಗಳಲ್ಲಿ ಲಾಫೋರಾ ಸೇರಿದಂತೆ ಅದುರಿನೊಂದಿಗೆ ಉಲ್ಬಣಿಸುತ್ತ ಹೋಗುವ ಮೂರ್ಛೆರೋಗಗಳ ಬಗ್ಗೆ ವರ್ಷಗಳಿಂದ ವರದಿ ಮಾಡುತ್ತ ಬಂದಿದ್ದಾರೆ. ಅನುಮಾನವಿರುವವರು ಮೊದಲು ಅಂಥ ನರವೈದ್ಯ ಕೇಂದ್ರಕ್ಕೆ ಹೋಗುವುದು ಒಳ್ಳೆಯದು. ಜೀನ್ ಪರೀಕ್ಷೆ, ಕುಟುಂಬದ ಸಮಾಲೋಚನೆಗೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವಿದೆ; ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಸೇರಿ ಅದು 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು.

ಯಾರಾದರೂ ಲಾಫೋರಾಗೆ ಪ್ರಯೋಗ ನಡೆಸುತ್ತಿದ್ದೇವೆ ಎಂದು ನಿಮ್ಮನ್ನು ಸಂಪರ್ಕಿಸಿದರೆ ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯ ಸಂಖ್ಯೆ ಕೇಳಿ. ಪ್ರಯೋಗಗಳನ್ನು ಅಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ನೈತಿಕ ಸಮಿತಿಯ ಒಪ್ಪಿಗೆಪತ್ರ ಕೇಳಿ, ಒಪ್ಪಿಗೆ ಅರ್ಜಿಯನ್ನು ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ, ಮರುದಿನ ಸಹಿ ಹಾಕಿ. ಪ್ರಯೋಗದ ಔಷಧಕ್ಕೆ ನಿಮ್ಮಿಂದ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.